ಎರಡು ಭಾಷೆಯ ತರಗತಿಗೆ ಸಾಮಗ್ರಿ ಎಲ್ಲಿದೆ?

ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವನ್ನು ನಮ್ಮಲ್ಲಿ ಅನೇಕರು ಬಲ್ಲರು. ಸುಮಾರು ಕ್ರಿ.ಶ. 700ರ ಆ ಬರಹದಲ್ಲಿ ಕನ್ನಡದ ತ್ರಿಪದಿಗಳ ಜೊತೆಗೆ ಸಂಸ್ಕೃತ ಶ್ಲೋಕವೂ ಇದೆ. ಅಲ್ಲಿಯ ಮೂರನೆಯ ಗುಹೆಯಲ್ಲಿ 578ರ ಸಂಸ್ಕೃತ ಶಾಸನದ ಜೊತೆಗೆ ಮಂಗಳೇಶನ ಕನ್ನಡ ಶಾಸನವೂ ಉಂಟು. ಎರಡು ಭಾಷೆಗಳನ್ನು ಅಕ್ಕಪಕ್ಕ ಇರಿಸಿಕೊಂಡು ಬಾಳುವುದು ಈ ಸೀಮೆಗೆ ಹೊಸತಲ್ಲ. ಆದರೆ ಇಂದು ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಪಾಠ ಹೇಳಬೇಕಾದಾಗ ಅವರ ಕೈಗೆ ಎಟುಕುವ ಸಾಮಗ್ರಿ ಯಾವುದು ಎಂಬ ಪ್ರಶ್ನೆ ಉಳಿದೇ ಇದೆ.

ಮಾಧ್ಯಮದ ವಾದವನ್ನು ನಾವು ದಶಕಗಳಿಂದ ಕೇಳುತ್ತ ಬಂದಿದ್ದೇವೆ. 1994ರಲ್ಲಿ ಸರ್ಕಾರವು ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವೆಂದು ಆದೇಶಿಸಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂತಹ ಕಡ್ಡಾಯ ಸಲ್ಲದೆಂದಿತು. ನಡುವೆ 2007ರಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019-20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ವಾದ ಏನೇ ಇರಲಿ, ತರಗತಿಯಲ್ಲಿ ನಿಂತವರು ಎರಡು ಭಾಷೆಗಳನ್ನೂ ನಿಭಾಯಿಸಲೇಬೇಕಾಯಿತು. ಅವರಿಗೆ ಉಪದೇಶ ಧಾರಾಳವಾಗಿ ದೊರೆತಿದೆ, ಪುಸ್ತಕಗಳು ಅಷ್ಟಾಗಿ ದೊರೆತಿಲ್ಲ.

ಹಾಗೆಂದು ಏನೂ ಇಲ್ಲವೆನ್ನಲಾಗದು. ಪಠ್ಯಪುಸ್ತಕ ಸಂಘವು ಗಣಿತ ಮತ್ತು ಪರಿಸರ ಅಧ್ಯಯನಕ್ಕೆ ದ್ವಿಭಾಷಾ ಪುಸ್ತಕಗಳನ್ನು ಹೊರತಂದಿದೆ. ಸಂಘದ ಅಂತರ್ಜಾಲ ತಾಣದಿಂದ ಪಠ್ಯಪುಸ್ತಕಗಳನ್ನು ಯಾರಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. 1957ರಲ್ಲಿ ಆರಂಭವಾದ ನ್ಯಾಷನಲ್ ಬುಕ್ ಟ್ರಸ್ಟ್ ಒಂದೇ ಚಿತ್ರಕಥೆಯನ್ನು ಹಲವು ಭಾಷೆಗಳಲ್ಲಿ ಕಡಿಮೆ ಬೆಲೆಗೆ ಕೊಡುತ್ತದೆ. ಕನ್ನಡ ಪ್ರತಿಯನ್ನೂ ಇಂಗ್ಲಿಷ್ ಪ್ರತಿಯನ್ನೂ ಒಟ್ಟಿಗೆ ಕೊಂಡರೆ ಅದೇ ಒಂದು ದ್ವಿಭಾಷಾ ಪಾಠ. ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಅವನ್ನು ಮುದ್ರಿಸಬಹುದು, ನಮ್ಮ ಮಾತಿಗೆ ಹೊಂದಿಸಿಕೊಳ್ಳಲೂಬಹುದು. ಪದಗಳಿಗೆ 1894ರ ಕಿಟೆಲ್ ಕೋಶ ಇಂದಿಗೂ ಗಟ್ಟಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ಕನ್ನಡ-ಇಂಗ್ಲಿಷ್ ಕೋಶ 'ಅಲರ್' 2019ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿದೆ.

ನಮ್ಮ ಅಭಿಪ್ರಾಯದಲ್ಲಿ ಎದುರುಬದಿರು ಪುಟಗಳ ಪುಸ್ತಕದ ದೊಡ್ಡ ಉಪಕಾರ ಆಗುವುದು ಶಾಲೆಗಿಂತ ಮನೆಯಲ್ಲಿ. ಇಂಗ್ಲಿಷ್ ಮಾತ್ರವೇ ಇರುವ ಪುಸ್ತಕ ಮನೆಗೆ ಬಂದೊಡನೆ, ಕನ್ನಡವನ್ನಷ್ಟೇ ಓದಬಲ್ಲ ತಾಯಿ ಮಗುವಿನ ಕಲಿಕೆಯಿಂದ ಹೊರಗುಳಿಯುತ್ತಾಳೆ. ನಿನ್ನೆಯವರೆಗೆ ಮಗ್ಗಿ ಕೇಳುತ್ತಿದ್ದವಳು ಇಂದು ಬರಿಯ ಚೀಲ ತುಂಬಿಸುವವಳಾಗುತ್ತಾಳೆ. ಮಗುವೂ ಇದನ್ನು ಗಮನಿಸುತ್ತದೆ, ಅದೇ ಹೆಚ್ಚು ನೋವಿನ ಸಂಗತಿ. ಕನ್ನಡದ ಪುಟ ಎದುರಿಗಿದ್ದರೆ ಆಕೆ ಪ್ರಶ್ನೆ ಕೇಳಬಲ್ಲಳು, ಉತ್ತರ ಸರಿಯೋ ತಪ್ಪೋ ಹೇಳಬಲ್ಲಳು. ಇಂಗ್ಲಿಷ್ ಶಾಲೆಗೆ ಮಕ್ಕಳನ್ನು ಕಳುಹಿಸುತ್ತಿರುವ ನಮ್ಮ ಕುಟುಂಬಗಳೂ ಇದನ್ನು ಯೋಚಿಸಬೇಕು.

ಮುದ್ರಿತ ಸಾಮಗ್ರಿಯ ಕೊರತೆಯೆಂದರೆ ಅದರಲ್ಲಿ ನಮ್ಮ ಊರು ಕಾಣದಿರುವುದು. ಇಳಕಲ್ಲಿನ ನೇಕಾರರ ಮನೆಯ ಹುಡುಗಿಗೆ ಮಗ್ಗ, ಲಾಳಿ, ಹಾಸು, ಹೊಕ್ಕು ಎಲ್ಲವೂ ಗೊತ್ತು. ಅವಳಿಗೆ ಮಗ್ಗವೆಂದರೆ ಲೂಮ್, ಲಾಳಿಯೆಂದರೆ ಶಟಲ್, ಹಾಸು ವಾರ್ಪ್, ಹೊಕ್ಕು ವೆಫ್ಟ್ ಎಂದು ಹೇಳಿಕೊಟ್ಟರೆ ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಇಂಗ್ಲಿಷ್ ಪದಗಳು ಮನದಲ್ಲಿ ನಿಲ್ಲುತ್ತವೆ. ಏಕೆಂದರೆ ವಸ್ತು ಮೊದಲೇ ಕೈಯಲ್ಲಿದೆ, ಹೆಸರೊಂದೇ ಹೊಸದು. ಸೆರಗಿನ ಹಾಸನ್ನು ಮೈಯ ಹಾಸಿಗೆ ಕುಣಿಕೆ ಹಾಕಿ ಕೂಡಿಸುವ ಬಗೆಯನ್ನು ಅವಳೇ ಕನ್ನಡದಲ್ಲಿ ಹೇಳಲಿ, ಶಿಕ್ಷಕಿ ಮೂರು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಲಿ. ಕಸೂತಿಯಂತೂ ಸಿದ್ಧ ಗಣಿತ: ಎಳೆ ಎಣಿಸದೆ ಗೋಪುರ ಮೂಡದು, ತೇರು ಮೂಡದು. ಗವಂತಿ, ಮುರ್ಗಿ, ನೇಗಿ, ಮೆಂತ್ಯ ಎಂಬ ಹೊಲಿಗೆಯ ಹೆಸರುಗಳನ್ನು ಮಾತ್ರ ಇಂಗ್ಲಿಷಿಗೆ ತಿರುಗಿಸುವ ಗೋಜಿಗೆ ಹೋಗಬಾರದು. ಅಮೀನಗಡದ ಕರದಂಟಿಗೂ ಅದೇ ನಿಯಮ!

ದೂರದ ದೇಶದವರ ಪಾಡೂ ಬೇರೆಯಲ್ಲ. ಅಮೆರಿಕದ ಮಯಾಮಿಯ ಕೋರಲ್ ವೇ ಶಾಲೆಯಲ್ಲಿ 1963ರಲ್ಲಿ ಸ್ಪ್ಯಾನಿಷ್-ಇಂಗ್ಲಿಷ್ ದ್ವಿಭಾಷಾ ಬೋಧನೆ ಆರಂಭವಾಯಿತು, 1968ರಲ್ಲಿ ಅಲ್ಲಿ ದ್ವಿಭಾಷಾ ಶಿಕ್ಷಣಕ್ಕೆ ಕಾಯಿದೆಯೇ ಆಯಿತು. ಆದರೂ ಮಕ್ಕಳ ಮನೆಮಾತಿಗೆ ಒಗ್ಗುವ ಪುಸ್ತಕ ಹುಡುಕುವ ಕೆಲಸ ಅಲ್ಲಿನ ಶಿಕ್ಷಕರಿಗೆ ತಪ್ಪಲಿಲ್ಲ. ನಮ್ಮಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವಿಜ್ಞಾನ, ಗಣಿತಗಳಿಗೆ ಉತ್ತಮ ದ್ವಿಭಾಷಾ ಪುಸ್ತಕಗಳು ಬೇಕೆಂದು ಬರೆದಿದೆ. ಬರೆದದ್ದು ಒಳ್ಳೆಯದೇ. ಆದರೆ ಪದಕ್ಕೆ ಪದ ಇಟ್ಟ ಅನುವಾದವನ್ನು ಕನ್ನಡವೆಂದು ಅಚ್ಚುಹಾಕಿದರೆ ಮಗುವಿಗೆ ಎರಡೂ ಪುಟಗಳು ಪರಭಾಷೆಯೇ ಆಗುತ್ತವೆ.

ಇನ್ನು ಬಾದಾಮಿ, ಹುನಗುಂದದ ಕಡೆಯ ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿಗೆ ಈ ಎರಡೂ ಮನೆಮಾತಲ್ಲ. ಉರ್ದು ಮನೆಮಾತಿನ ಮಕ್ಕಳದೂ ಅದೇ ಸ್ಥಿತಿ. ಅವರಿಗಾಗಿ ಅಚ್ಚಾದ ಪುಸ್ತಕವನ್ನು ಕಾಯುತ್ತ ಕೂರಬೇಕಿಲ್ಲ. ಗೋಡೆಯ ಪದಪಟ್ಟಿಯಲ್ಲಿ ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಸಾಲು ಎಳೆದ ಮೇಲೆ ಮೂರನೆಯದೊಂದನ್ನು ಖಾಲಿ ಬಿಡಬಹುದು. ನೀರಿಗೆ, ರೊಟ್ಟಿಗೆ, ಅಜ್ಜಿಗೆ ನಿಮ್ಮ ಮನೆಯಲ್ಲಿ ಏನೆನ್ನುವಿರಿ ಎಂದು ಕೇಳಿ, ಮಗು ಹೇಳಿದ್ದನ್ನು ಕನ್ನಡ ಲಿಪಿಯಲ್ಲಿ ಅಲ್ಲಿ ಬರೆದರಾಯಿತು.