ಎರಡು ದಿನ, ಒಂದೇ ದಾರಿ: ಸಾಸವಡದ ಸುತ್ತ ಒಂದು ಕಿರುಪ್ರವಾಸ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿ ಹೋದರು. ಎರಡೇ ದಿನ ಬಿಡುವಿದ್ದವನು ಎಷ್ಟು ದೇಶ ಸುತ್ತಬೇಕು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಆ ಲೆಕ್ಕವನ್ನು ನಾವು ಕಳೆದ ಡಿಸೆಂಬರಿನಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಕಲಿತೆವು. ಹೊರನಾಡಿನಲ್ಲಿ ಸಂಸಾರ ಹೂಡಿದ ನಮ್ಮಂಥವರ ಮನೆಗೆ ನೆಂಟರು ಬರುವುದು ಅಪರೂಪ. ಬಂದವರು ನಿಲ್ಲುವುದು ಇನ್ನೂ ಅಪರೂಪ. ಇದ್ದಷ್ಟು ದಿನ ಅವರಿಗೆ ಏನು ತೋರಿಸಬೇಕು ಎಂಬ ಚಿಂತೆ ಎಲ್ಲರಿಗೂ ಒಂದೇ. ಆದುದರಿಂದ ನಮ್ಮ ಅನುಭವವನ್ನು ವಾಚಕರ ಮುಂದಿಡುತ್ತಿದ್ದೇವೆ.

ನಾವಿರುವುದು ಪುಣೆಯಿಂದ ಸುಮಾರು 30 ಕಿಲೋಮೀಟರ್ ದೂರದ ಸಾಸವಡದಲ್ಲಿ. ಹುಟ್ಟೂರು ರಾಣೆಬೆನ್ನೂರು ತಾಲೂಕಿನ ಒಂದು ಹಳ್ಳಿ. ಅವ್ವ ನಮ್ಮೊಡನೆ ಇದ್ದಾರೆ. ವಯಸ್ಸು 76, ಮೊಣಕಾಲು ನೋವು. ತಮ್ಮ ಮಾತ್ರ ಹೆಂಡತಿ ಮಕ್ಕಳೊಡನೆ ನಾರ್ವೆ ದೇಶದ ಓಸ್ಲೋ ಪಟ್ಟಣದಲ್ಲಿದ್ದಾನೆ. ಮಗಳಿಗೆ ಹನ್ನೆರಡು, ಮಗನಿಗೆ ಒಂಬತ್ತು. ಅವರು ಬಂದಾಗ ನಮ್ಮ ಪಾಲಿಗೆ ಸಿಕ್ಕದ್ದು ಎರಡು ಪೂರ್ತಿ ದಿನ. ಮೂರನೆಯ ದಿನ ಅವರು ಹೆಂಡತಿಯ ತವರಿಗೆ ಹೊರಡಬೇಕಾಗಿತ್ತು.

ಅವರು ಬರುವುದಕ್ಕೆ ಮೊದಲೇ ನಾವೊಂದು ಪಟ್ಟಿ ಮಾಡಿಟ್ಟಿದ್ದೆವು. ಪುರಂದರ ಕೋಟೆ, ಅದರ ಮಗ್ಗುಲಿನ ವಜ್ರಗಡ, ಸೋನೋರಿ ಗ್ರಾಮದ ಮಲ್ಹಾರಗಡ, ನಾರಾಯಣಪುರದ ದತ್ತ, ಕೇತಕಾವಳೆಯ ಬಾಲಾಜಿ, ಜೇಜುರಿ, ಅದರ ಮೇಲಿನ ಕಡೇಪಠಾರ, ಮೋರಗಾವಿನ ಗಣಪತಿ, ಭುಲೇಶ್ವರ: ಹೀಗೆ ಒಂಬತ್ತು ಸ್ಥಳ. ಕಾಗದದ ಮೇಲೆ ಎಲ್ಲವೂ ಒಂದರ ಪಕ್ಕ ಒಂದು ಕೂತಿದ್ದವು. ತಮ್ಮ ಅದನ್ನು ಓದಿ ನಕ್ಕುಬಿಟ್ಟ.

“ಅಣ್ಣಾ, ನಮ್ಮಲ್ಲಿಗೆ ಬರೋ ಮಂದಿನೂ ಹಿಂಗs ಪಟ್ಟಿ ಹಿಡಕೊಂಡು ಬರ್ತಾರ. ನಾಕು ದಿನದಾಗ ಇಡೀ ನಾರ್ವೆ ನೋಡಬೇಕಂತಾರ. ಉತ್ತರದ ತುದಿಗೆ ಹೋಗಬೇಕಂದ್ರ ರಸ್ತೆ ಎರಡು ಸಾವಿರ ಕಿಲೋಮೀಟರ್ ಐತಿ. ದಾರ್ಯಾಗs ರಜಾ ಮುಗೀತದ.”

ಹಾಗಾದರೆ ಅವರಿಗೆ ಏನು ಹೇಳುತ್ತೀರಿ ಎಂದು ಕೇಳಿದೆವು. ಉತ್ತರ ಕೊಟ್ಟವಳು ಅವನ ಹೆಂಡತಿ. ಅಲ್ಲಿ ಸ್ವಲ್ಪವೇ ದಿನ ಇರುವವರು ಒಂದು ದಾರಿ ಹಿಡಿಯುತ್ತಾರಂತೆ. ಓಸ್ಲೋದಿಂದ ಬರ್ಗೆನ್ ಕಡೆಯ ರೈಲು ಹತ್ತಿ, ಬೆಟ್ಟದ ಮೇಲಿನ ಮೀರ್ಡಾಲ್ ನಿಲ್ದಾಣದಲ್ಲಿ ಇಳಿಯುವುದು. ಅಲ್ಲಿಂದ ಇನ್ನೊಂದು ಚಿಕ್ಕ ರೈಲು 20 ಕಿಲೋಮೀಟರಿನಲ್ಲಿ 860 ಮೀಟರಿಗೂ ಹೆಚ್ಚು ಇಳಿದು ಕಡಲ ಮಟ್ಟದ ಫ್ಲೋಮ್ ಎಂಬ ಹಳ್ಳಿಗೆ ಮುಟ್ಟಿಸುತ್ತದೆ. ಬೆಟ್ಟಗಳ ನಡುವೆ ಕಡಲು ಒಳನುಗ್ಗಿ ನಿಂತ ಕಡಿದಾದ ಕೊಲ್ಲಿಗೆ ಅವರು ಫಿಯೋರ್ಡ್ ಎನ್ನುತ್ತಾರೆ. ಅದರಲ್ಲಿ ಎರಡು ತಾಸು ದೋಣಿ, ಆಮೇಲೆ ಬಸ್ಸು, ಮತ್ತೆ ರೈಲು, ರಾತ್ರಿಗೆ ಬರ್ಗೆನ್. ಒಂದೇ ದಿನ, ಒಂದೇ ದಾರಿ. “ಉಳಿದದ್ದು ಮುಂದಿನ ಸಲಕ್ಕ ಅಂತ ಬಿಟ್ಟವರು ಖುಷಿಯಿಂದ ತಿರುಗಿ ಹೋಗ್ತಾರ, ಭಾವಾ. ಎಲ್ಲಾ ಬೇಕಂದವರಿಗೆ ಗಾಡಿಯ ಕಿಟಕಿ ಒಂದs ನೆನಪುಳೀತದ” ಎಂದಳು.

ಮಾತು ಮನಸ್ಸಿಗೆ ನಾಟಿತು. ಕಾಗದವನ್ನು ತಿರುವಿ ಹೊಸದಾಗಿ ಬರೆಯಲು ಕುಳಿತೆವು. ಮನೆಯಲ್ಲಿ ಎಲ್ಲರಿಗಿಂತ ಕಾಲು ಸೋತವರು ಯಾರು, ಅವರಿಗೆ ಬೇಕಾದದ್ದು ಏನು, ಅದನ್ನು ಮೊದಲು ಬರೆಯೋಣ ಎಂದುಕೊಂಡೆವು. ಅವ್ವನನ್ನು ಕೇಳಿದೆವು.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನದೊಂದು ಹರಕಿ ಉಳದೈತಿ” ಎಂದರು.

ಒಂಬತ್ತು ವರ್ಷದ ಕೆಳಗೆ ಈ ಹುಡುಗ ದಿನ ತುಂಬುವ ಮೊದಲೇ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇದ್ದನು. ಅವ್ವನಿಗೆ ಅಲ್ಲಿಗೆ ಹೋಗಲಾಗಲಿಲ್ಲ. ಇಲ್ಲಿಂದಲೇ ದೇವರಗುಡ್ಡದ ಮೈಲಾರಲಿಂಗನಿಗೆ ಭಂಡಾರದ ಹರಕೆ ಹೊತ್ತರು: ಹುಡುಗನ ಕೈಯಿಂದಲೇ ಭಂಡಾರ ಹಾರಿಸುತ್ತೇನೆ ಎಂದು. ಆಮೇಲೆ ಅವರು ಬಂದಾಗಲೆಲ್ಲ ಏನಾದರೊಂದು ಅಡಚಣೆ. ಈ ಸಲವೂ ರಾಣೆಬೆನ್ನೂರಿನವರೆಗೆ ಹೋಗಿ ಬರಲು ದಿನವಿಲ್ಲ.

“ಜೇಜುರಿ ಖಂಡೋಬನೂ ಅವನs ಅಲ್ಲೇನವ್ವಾ? ಇಲ್ಲೇ ತೀರಿಸೋಣು” ಎಂದ ತಮ್ಮ.

“ಹರಕಿ ಹೊತ್ತದ್ದು ದೇವರಗುಡ್ಡಕ್ಕ. ಬ್ಯಾರೆ ಊರಾಗ ಕೊಟ್ರ ಸಲ್ತೈತೇನು?” ಎಂದು ಅವ್ವ ಕೇಳಿದರು. ನಮಗೆ ಉತ್ತರ ತಿಳಿಯಲಿಲ್ಲ. ಆದರೆ ಜೇಜುರಿ ಮಾತ್ರ ಪಟ್ಟಿಯ ತಲೆಯ ಮೇಲೆ ಬಂತು. ಮೊದಲ ದಿನ ಪುರಂದರ ಮತ್ತು ಸಾಸವಡ, ಎರಡನೆಯ ದಿನ ಜೇಜುರಿ. ಮಿಕ್ಕವನ್ನೆಲ್ಲ ಹೊಡೆದು ಹಾಕಿದೆವು. ಮಲ್ಹಾರಗಡವನ್ನು ಬಿಡುವಾಗ ಕೊಂಚ ಹೊಟ್ಟೆ ಉರಿಯಿತು, ಆದರೂ ಬಿಟ್ಟೆವು.

ಪುರಂದರಕ್ಕೆ ಬೆಳಗಿನಲ್ಲಿಯೇ ಹೋಗಬೇಕು. ಕೋಟೆ ಸೈನ್ಯದ ವಶದಲ್ಲಿದೆ. ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಬೇಕು, ಸಂಜೆಗೆ ಮುಂಚೆ ಇಳಿಯಬೇಕು. ಹೊರದೇಶದ ಪಾಸ್‌ಪೋರ್ಟ್ ಉಳ್ಳವರಿದ್ದರೆ ಪ್ರವೇಶದ ವಿಚಾರವನ್ನು ಮೊದಲೇ ತಿಳಿದುಕೊಂಡು ಹೊರಡುವುದು ಒಳ್ಳೆಯದು. ಸಾಸವಡದಿಂದ ನಾರಾಯಣಪುರದ ಮೇಲೆ ದಾರಿ. ಅಲ್ಲಿಯ ನಾರಾಯಣೇಶ್ವರನ ಹಳೆಯ ಕಲ್ಲುಗುಡಿಯ ಕಂಬಗಳನ್ನು ಕಂಡರೆ ನಮ್ಮ ಸೀಮೆಯ ಗುಡಿಗಳು ಕಣ್ಣ ಮುಂದೆ ಬರುತ್ತವೆ. ಅಲ್ಲಿಂದ ಮುಂದೆ ಗಾಡಿ ಕೋಟೆಯ ಕೆಳಹಂತದವರೆಗೂ ಏರುತ್ತದೆ. ಆದುದರಿಂದ ವಯಸ್ಸಾದವರನ್ನು ಮನೆಯಲ್ಲಿ ಬಿಟ್ಟು ಹೋಗಬೇಕಾಗಿಲ್ಲ. ಅವ್ವ ಮರದ ನೆರಳಿನಲ್ಲಿ ಬುತ್ತಿಯ ಗಂಟು ಕಾಯುತ್ತ ಕುಳಿತರು; ನಾವು ಕೇದಾರೇಶ್ವರನ ಗುಡಿಯವರೆಗೆ ಹತ್ತಿ ಬಂದೆವು. ಸಮುದ್ರಮಟ್ಟಕ್ಕಿಂತ 1300 ಮೀಟರಿಗೂ ಮಿಗಿಲಾದ ಎತ್ತರ, ಗಾಳಿ ತಂಪು. ಡಿಸೆಂಬರಿನಲ್ಲಿ ಮೂರು ಗಂಟೆ ದಾಟಿದೊಡನೆಯೇ ಸೂರ್ಯ ಮುಳುಗುವ ಊರಿನಿಂದ ಬಂದ ಆ ಮಕ್ಕಳು ಬಿಸಿಲಿಗೆ ಮೈಯೊಡ್ಡಿ ಕುಳಿತದ್ದನ್ನು ನೋಡುವುದೇ ಒಂದು ಸಂತೋಷ.

ಈ ಕೋಟೆಯ ಕಥೆ ದೊಡ್ಡದು. 1657ರ ಮೇ 14ರಂದು ಸಂಭಾಜಿ ಹುಟ್ಟಿದ್ದು ಇಲ್ಲಿ. 1665ರಲ್ಲಿ ಮಿರ್ಜಾ ರಾಜಾ ಜಯಸಿಂಗನೂ ದಿಲೇರಖಾನನೂ ಮುತ್ತಿಗೆ ಹಾಕಿದಾಗ ಕೋಟೆಯ ಮುಖಂಡ ಮುರಾರಬಾಜಿ ದೇಶಪಾಂಡೆ ಹೋರಾಡಿ ಮಡಿದನು. ಆ ವರ್ಷದ ಜೂನ್ 11ರಂದು ಆದ ಒಪ್ಪಂದದಲ್ಲಿ ಶಿವಾಜಿ ಮಹಾರಾಜರು 23 ಕೋಟೆಗಳನ್ನು ಬಿಟ್ಟುಕೊಟ್ಟು 12ನ್ನು ಉಳಿಸಿಕೊಂಡರು. “ಅವರೂ ಪಟ್ಟಿ ಹೊಡೆದು ಹಾಕಿದರಾ?” ಎಂದು ಹುಡುಗಿ ಕೇಳಿದಳು. ಹೌದು ಎಂದೆವು; ಉಳಿಸಿಕೊಂಡ ಹನ್ನೆರಡರಿಂದಲೇ ಅವರು ಮತ್ತೆ ಮೇಲೆದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಜರ್ಮನ್ ಸಂಸಾರಗಳನ್ನು ಈ ಬೆಟ್ಟದ ಮೇಲೆ ಇರಿಸಿದ್ದರು. ಮನೆ ಬಿಟ್ಟು ಬಂದವರ ನೆನಪು ಇಲ್ಲಿ ನಮ್ಮದೊಂದೇ ಅಲ್ಲ.

ಕನ್ನಡಿಗರಿಗೆ ಈ ಬೆಟ್ಟದ ಹೆಸರು ಕಿವಿಗೆ ಬಿದ್ದೊಡನೆ ದಾಸರ ನೆನಪಾಗದೆ ಇರದು. ಪುರಂದರದಾಸರು ಹುಟ್ಟಿದ್ದು ಈ ಪುರಂದರಗಡದಲ್ಲಿ ಎಂಬ ನಂಬಿಕೆ ಬಹು ಹಳೆಯದು. ತೀರ್ಥಹಳ್ಳಿಯ ಬಳಿಯ ಆರಗವೇ ಅವರ ಊರು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಆ ವ್ಯಾಜ್ಯವನ್ನು ನಾವು ತೀರಿಸಲಾರೆವು. ದಾಸರೂ ಊರೂ ಹಣವೂ ಬಿಟ್ಟು ಹಂಪೆಗೆ ನಡೆದವರು ಎಂದು ಮಕ್ಕಳಿಗೆ ಹೇಳಿದೆವು.

ಮಧ್ಯಾಹ್ನ ಊರಿಗೆ ಇಳಿದು, ಉಂಡು, ಒಂದು ನಿದ್ದೆ ಮಾಡಿ, ಸಂಜೆ ಸಾಸವಡ ನೋಡಿದೆವು. ಪ್ರವಾಸವೆಂದರೆ ನಿದ್ದೆ ಬಿಡಬೇಕೆಂಬ ನಿಯಮವೇನೂ ಇಲ್ಲ. ಕರ್ಹಾ ನದಿಯ ದಂಡೆಯ ಸಂಗಮೇಶ್ವರನ ಗುಡಿ ಸಂಜೆಯ ಬೆಳಕಿಗೇ ಹೇಳಿ ಮಾಡಿಸಿದಂತಿದೆ. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಈ ಊರಲ್ಲೇ ಇದೆ. ಆಷಾಢದ ವಾರಿಯಲ್ಲಿ ಜ್ಞಾನೇಶ್ವರರ ಪಾಲಖಿ ದಿವೆ ಘಾಟನ್ನು ಹತ್ತಿ ಸಾಸವಡಕ್ಕೆ ಬಂದು ತಂಗುತ್ತದೆ. ಸೋಪಾನದೇವರ ಪಾಲಖಿ ಇಲ್ಲಿಂದಲೇ ಪಂಢರಪುರಕ್ಕೆ ಹೊರಡುತ್ತದೆ. ಪೇಶ್ವೆ ಬಾಳಾಜಿ ವಿಶ್ವನಾಥರು 1720ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ. ಮರಾಠಿಯ ದೊಡ್ಡ ಬರಹಗಾರ ಆಚಾರ್ಯ ಅತ್ರೆಯವರು 1898ರಲ್ಲಿ ಹುಟ್ಟಿದ್ದು ಸಮೀಪದ ಕೋಡಿತದಲ್ಲಿ. ತಮ್ಮ ಆತ್ಮಕಥೆಗೆ ಅವರು ಈ ಕರ್ಹೆಯ ನೀರಿನ ಹೆಸರನ್ನೇ ಇಟ್ಟರು. ನಮಗೆ ತುಂಗಭದ್ರೆಯ ನೀರು ಇದ್ದ ಹಾಗೆ ಅವರಿಗೆ ಇದು. ಪೇಟೆಯಲ್ಲಿ ಮಳೆಗಾಲದ ಕೊನೆಯಿಂದ ಸೀತಾಫಲದ ರಾಶಿ, ಬೇಸಿಗೆಯಲ್ಲಿ ಅಂಜೂರ. ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ.

ಎರಡನೆಯ ದಿನ ಬೆಳಕು ಹರಿಯುವ ಮುನ್ನವೇ ಹೊರಟೆವು. ಜೇಜುರಿ ಸಾಸವಡದಿಂದ ಹದಿನೇಳು ಹದಿನೆಂಟು ಕಿಲೋಮೀಟರ್. ಹೊತ್ತೇರಿದ ಮೇಲೆ ಬರಿಗಾಲಿಗೆ ಕಲ್ಲು ಸುಡುತ್ತದೆ. ಭಾನುವಾರ, ಸೋಮವತಿ ಅಮಾವಾಸ್ಯೆ, ಚಂಪಾಷಷ್ಠಿಯ ದಿನಗಳಲ್ಲಿ ಜನಸಂದಣಿ ಬಹಳ. ಚಿಕ್ಕ ಮಕ್ಕಳೊಡನೆ ಹೋಗುವವರು ಬೇರೆ ದಿನ ನೋಡುವುದು ಲೇಸು. ಹಳೆಯ ಬಟ್ಟೆ ಉಡಬೇಕು, ಏಕೆಂದರೆ ಭಂಡಾರ ಮೈತುಂಬ ಬೀಳುತ್ತದೆ. ಉಬ್ಬಸ ಇರುವವರು ಮೂಗಿಗೆ ಒಂದು ವಸ್ತ್ರ ಇಟ್ಟುಕೊಳ್ಳಲಿ.

ಜೇಜುರಿಯ ಖಂಡೋಬ ನಮಗೆ ಪರಕೀಯನಲ್ಲ. ಹಡಗಲಿಯ ಸೀಮೆಯ ಮೈಲಾರ, ರಾಣೆಬೆನ್ನೂರು ಬಳಿಯ ದೇವರಗುಡ್ಡ, ಬೆಳಗಾವಿ ಜಿಲ್ಲೆಯ ಮಂಗಸೂಳಿ, ಬೀದರಿನ ಕಡೆಯ ಮೈಲಾರ: ಎಲ್ಲ ಕಡೆಯೂ ಇದೇ ದೇವರು, ಇದೇ ಅರಿಸಿನ. ನಮ್ಮಲ್ಲಿ ಗೊರವಯ್ಯ, ಇಲ್ಲಿ ವಾಘ್ಯಾ. ನಮ್ಮಲ್ಲಿ ಕುರುಬರ ಮನೆದೇವರು, ಇಲ್ಲಿ ಧನಗರರ ಕುಲದೈವ. ಖಂಡೋಬನ ಎರಡನೆಯ ಹೆಂಡತಿ ಬಾಣಾಯಿಯೂ ಧನಗರರ ಮಗಳೇ. ಹೋಳ್ಕರ ಮನೆತನದವರು ಈ ಗುಡಿಯನ್ನು ಕಲ್ಲಿನಲ್ಲಿ ಕಟ್ಟಿ ಬೆಳೆಸಿದರು.

ಮೆಟ್ಟಿಲುಗಳು ಮುನ್ನೂರಕ್ಕೂ ಮಿಕ್ಕಿವೆ. ಅವ್ವ ಮೊದಲ ಮೆಟ್ಟಿಲಿಗೆ ಹಣೆ ಹಚ್ಚಿ ಬದಿಗೆ ಕುಳಿತರು. ನಮ್ಮವಳು ಜೊತೆಗೆ ನಿಂತಳು. ಅಷ್ಟರಲ್ಲಿ ಹೊಸದಾಗಿ ಮದುವೆಯಾದ ಒಂದು ಧನಗರ ಜೋಡಿ ಬಂತು. ಇಲ್ಲಿಯ ಪದ್ಧತಿಯಂತೆ ಗಂಡ ಹೆಂಡತಿಯನ್ನು ಎತ್ತಿಕೊಂಡು ಮೆಟ್ಟಿಲು ಏರಿದ. ಹಿಂದಿದ್ದ ಮಂದಿ ಒಂದೇ ದನಿಯಲ್ಲಿ “ಯಳಕೋಟ ಯಳಕೋಟ, ಜೈ ಮಲ್ಹಾರ” ಎಂದು ಕೂಗಿದರು.

ಅವ್ವ ತಲೆ ಎತ್ತಿದರು. “ಏನಂದ್ರು ಅವರು? ಏಳುಕೋಟಿ ಅಂದ್ರಲ್ಲಾ?”

ಹೌದವ್ವಾ ಎಂದೆವು. ಹನ್ನೊಂದು ವರ್ಷದಿಂದ ಮರಾಠಿ ನಾಡಿನಲ್ಲಿದ್ದು, ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ಕೊಳ್ಳುವ ಅವ್ವ, ಆ ಮಂದಿಯ ಕಡೆ ತಿರುಗಿ ಗಟ್ಟಿಯಾಗಿ “ಏಳುಕೋಟಿ ಏಳುಕೋಟಿಗೋ” ಎಂದರು. ಅವರಲ್ಲಿ ಒಬ್ಬ ಮುದುಕಿ ನಿಂತು, ನಕ್ಕು, ಕೈಯಲ್ಲಿದ್ದ ಭಂಡಾರವನ್ನು ಅವ್ವನ ಹಣೆಗೆ ಬಳಿದು ಮುಂದೆ ಹೋದಳು. ಇಬ್ಬರ ನಡುವೆ ಬೇರೆ ಮಾತೇ ಆಗಲಿಲ್ಲ.

ಆಮೇಲೆ ಅವ್ವ ಮೊಮ್ಮಗನನ್ನು ಹತ್ತಿರ ಕರೆದು ಬೊಗಸೆ ತುಂಬ ಭಂಡಾರ ಕೊಟ್ಟು, ಮೇಲೆ ಹೋಗಿ ಏನೆನ್ನಬೇಕೆಂದು ಮೂರು ಸಲ ಹೇಳಿಸಿದರು. ಹುಡುಗನ ಕನ್ನಡ ಅರೆಬರೆ. ಈ ಒಂದು ಮಾತು ಮಾತ್ರ ಸರಿಯಾಗಿ ಕೂತಿತು. ಗುಡಿಯ ಅಂಗಳದಲ್ಲಿ ಅವನು ಹಾರಿಸಿದ ಅರಿಸಿನ ನಮ್ಮೆಲ್ಲರ ತಲೆಯ ಮೇಲೆ ಬಿತ್ತು. ಕೆಳಗಿಳಿದು ಬಂದಾಗ ಅವ್ವ ಇನ್ನೊಂದು ಹಿಡಿ ಭಂಡಾರವನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಳ್ಳುತ್ತಿದ್ದರು.

“ಹರಕಿ ತೀರಿತೇನವ್ವಾ?” ಎಂದು ತಮ್ಮ ಕೇಳಿದ.

“ಬಡ್ಡಿ ಇಲ್ಲಿ ಕೊಟ್ಟೀನಿ. ಅಸಲು ದೇವರಗುಡ್ಡದಾಗ ಕೊಡಬೇಕು. ಮುಂದಿನ ಸಲ ಬರೂವಾಗ ಇವನ್ನ ಅಲ್ಲಿಗೆ ಕರಕೊಂಡು ಬಾ” ಎಂದರು ಅವ್ವ. ತಮ್ಮ ಏನೂ ಅನ್ನಲಿಲ್ಲ. ಅಲ್ಲಿಯೇ ನಿಂತು ಹೆಂಡತಿಯೊಡನೆ ರಜೆಯ ತಿಂಗಳು ಲೆಕ್ಕ ಹಾಕತೊಡಗಿದ.

ಈ ಕಡೆ ಬರಬೇಕೆನ್ನುವವರಿಗೆ ಒಂದೆರಡು ಮಾತು. ಪುಣೆಯಿಂದ ಹಡಪಸರ, ದಿವೆ ಘಾಟ್ ಮಾರ್ಗವಾಗಿ ನಗರ ಬಸ್ಸು, ಎಸ್.ಟಿ. ಎರಡೂ ಉಂಟು. ಘಾಟಿನಲ್ಲಿ ಮೇಲೇರುವಾಗ ಕೆಳಗೆ ಮಸ್ತಾನಿ ಕೆರೆ ಕಾಣುತ್ತದೆ. ರೈಲಿನಲ್ಲಿ ಬರುವವರು ‘ಸಾಸವಡ ರೋಡ್’ ಎಂಬ ಹಲಗೆ ನೋಡಿ ಇಳಿಯಬೇಡಿ. ಆ ನಿಲ್ದಾಣ ಘಾಟಿನ ಆಚೆ, ಫುರಸುಂಗಿಯ ಬಳಿ ಇದೆ, ನಮ್ಮ ಊರಿಗೆ ಬಲು ದೂರ. ನಮ್ಮ ನೆಂಟರೊಬ್ಬರು ಹಾಗೆ ಇಳಿದು, ರಾತ್ರಿ ಊಟದ ಹೊತ್ತಿಗೆ ಮನೆ ಸೇರಿದರು. ಜೇಜುರಿ ನಿಲ್ದಾಣ ಮಾತ್ರ ಜೇಜುರಿಯಲ್ಲೇ ಇದೆ. ಅದರ ಹಳಿ ಮಿರಜ, ಬೆಳಗಾವಿ ಹಾದು ಹುಬ್ಬಳ್ಳಿಯ ಕಡೆಗೆ ಹೋಗುತ್ತದೆ. ಆ ಹಳಿಯ ಮೇಲೆ ಒಂದು ಮುಂಜಾನೆ ಅವ್ವನನ್ನು ಕರೆದುಕೊಂಡು ಊರ ಕಡೆ ಹೊರಡಬೇಕೆಂದು ನಾವೂ ಈಗ ಹೊಸ ಪಟ್ಟಿ ಬರೆದಿದ್ದೇವೆ. ಅದರಲ್ಲಿ ಇರುವುದು ಒಂದೇ ಹೆಸರು.