ಸಹಿಯ ಕೆಳಗಿನ ಸಾಲು

ರಾಮನಗರ, ಚನ್ನಪಟ್ಟಣದ ಕಡೆ ಲಗ್ನಪತ್ರಿಕೆ ಕೈಗೆ ಬಂದರೆ ಬಹಳ ಮಂದಿಯ ಕಣ್ಣು ಮುಹೂರ್ತವನ್ನು ದಾಟಿ ಸೀದಾ ಕೆಳಕ್ಕಿಳಿಯುತ್ತದೆ. ‘ತಮ್ಮ ಸುಖಾಗಮನ ಬಯಸುವ’ ಎಂದು ಮನೆಯ ಹಿರಿಯರು, ಅಣ್ಣತಮ್ಮಂದಿರು, ಸೋದರಮಾವಂದಿರ ಹೆಸರೆಲ್ಲ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ‘ವಿ.ಸೂ.’ ಎಂದಿರುತ್ತದೆ. ಬೀಗರ ಔತಣ ಯಾವ ದಿನ, ಯಾರ ತೋಟದಲ್ಲಿ ಎನ್ನುವುದು ಅಲ್ಲಿರುತ್ತದೆ. ಛತ್ರದ ಊಟ ಸಿಹಿಯೂಟ. ಬಾಡೂಟ ಔತಣದ ದಿನ. ಕನಕಪುರದಿಂದ ಬಸ್ಸಿನ ವ್ಯವಸ್ಥೆ ಇದೆಯೇ, ಉಡುಗೊರೆ ತರಬಹುದೇ, ಪತ್ರಿಕೆ ತಲುಪದವರು ಏನೆಂದುಕೊಳ್ಳಬೇಕು, ಎಲ್ಲಕ್ಕೂ ಉತ್ತರ ಆ ಸಾಲಿನಲ್ಲೇ. ಪತ್ರಿಕೆಯ ಮೇಲ್ಭಾಗ ಎಲ್ಲ ಮದುವೆಗಳಿಗೂ ಹೆಚ್ಚು ಕಡಿಮೆ ಒಂದೇ. ಒಂದು ಮನೆಯನ್ನು ಇನ್ನೊಂದು ಮನೆಯಿಂದ ಬೇರೆ ಮಾಡಿ ತೋರಿಸುವುದು ಈ ಕೊನೆಯ ಸಾಲು.

ಕಾಗದ ಬರೆಯುತ್ತಿದ್ದ ಕಾಲದಲ್ಲೂ ಹೀಗೇ. ‘ತೀರ್ಥರೂಪು ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು’ ಎಂದು ಶುರುವಾಗಿ, ಉಭಯಕುಶಲೋಪರಿ ಮುಗಿದು, ‘ಇಂತಿ ನಿಮ್ಮ ಮಗ’ ಎಂದು ಸಹಿ ಬೀಳುವವರೆಗೆ ಕಾಗದ ಮರ್ಯಾದೆಯ ಹಾದಿಯಲ್ಲಿ ನಡೆಯುತ್ತಿತ್ತು. ಹೇಳಲೇಬೇಕಾದದ್ದು ನೆನಪಾಗುತ್ತಿದ್ದುದು ಆಮೇಲೆ. ಹುಳು ನಾಲ್ಕನೇ ಜ್ವರಕ್ಕೆ ಕೂತಿದೆ, ಸೊಪ್ಪು ಸಾಲುವುದಿಲ್ಲ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೊತ್ತಿಗಾದರೂ ಬನ್ನಿ ಎನ್ನುವಂಥ ಮಾತು. ರೇಷ್ಮೆ ಮಾಡುವ ಮನೆಯಲ್ಲಿ ಆ ಜ್ವರ, ಅಂದರೆ ಹುಳು ಪೊರೆ ಬಿಡುವ ನಿದ್ದೆ, ಮುಗಿದ ಮೇಲಿನ ಒಂದು ವಾರ ಹಗಲು ರಾತ್ರಿ ಬಿಡುವಿರುವುದಿಲ್ಲ. ಹುಳು ಒಂದೇ ಸಮ ತಿನ್ನುತ್ತದೆ. ಇನ್‌ಲ್ಯಾಂಡ್ ಲೆಟರಿನ ಮಡಿಕೆಯ ಅಂಚಿನಲ್ಲಿ, ಅಂಟು ಹಚ್ಚುವ ಜಾಗ ಬಿಟ್ಟು, ಕಾಗದವನ್ನು ಅಡ್ಡ ತಿರುಗಿಸಿ ಬರೆದ ಅಂಥ ಎರಡು ಸಾಲಿನಲ್ಲಿ ಒಂದು ಮನೆಯ ಆ ವಾರದ ಬದುಕೇ ಇರುತ್ತಿತ್ತು.

ಇಂಗ್ಲಿಷಿನವರು ಇಂಥ ಸಾಲಿಗೆ ಪೋಸ್ಟ್‌ಸ್ಕ್ರಿಪ್ಟ್ ಎನ್ನುತ್ತಾರೆ. ಪುಟ ಮುದ್ರಿಸುವ ಕಂಪ್ಯೂಟರ್ ಭಾಷೆಯೊಂದಕ್ಕೂ ಅದೇ ಹೆಸರು. ಜೆರಾಕ್ಸ್ ಕಂಪನಿಯ ಸಂಶೋಧನಾಲಯ ಬಿಟ್ಟುಬಂದ ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಷ್ಕಿ 1982ರಲ್ಲಿ ಅಡೋಬಿ ಕಂಪನಿ ಕಟ್ಟಿ, 1984ರಲ್ಲಿ ಈ ಭಾಷೆಯನ್ನು ಹೊರತಂದರು. ಮರುವರ್ಷ ಆಪಲ್‌ನ ಲೇಸರ್‌ರೈಟರ್ ಪ್ರಿಂಟರ್ ಮತ್ತು ಆಲ್ಡಸ್‌ನ ಪೇಜ್‌ಮೇಕರ್ ಬಂದವು. ಮೊಳೆ ಜೋಡಿಸುವ ಕೆಲಸದ ಜಾಗಕ್ಕೆ ಡಿಟಿಪಿ ಬಂದದ್ದು ಈ ದಾರಿಯಿಂದ.

ಈ ಭಾಷೆಯ ನಡೆ ಕನ್ನಡದವರಿಗೆ ಪರಕೀಯವಲ್ಲ. ಅದರಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಮೊದಲು ಅಂಕಿ, ಆಮೇಲೆ ಆಜ್ಞೆ: ‘72 72 ಮೂವ್‌ಟು’. ಅಂಚಿನಿಂದ ಇಷ್ಟು, ಬುಡದಿಂದ ಇಷ್ಟು ದೂರಕ್ಕೆ ಹೋಗು ಎಂದು ಅರ್ಥ. ಒಂದು ಅಂಗುಲಕ್ಕೆ 72 ಮಾನ. ಅಳತೆ ಶುರುವಾಗುವುದು ಪುಟದ ಎಡಗಡೆಯ ಕೆಳಮೂಲೆಯಿಂದ, ಎಣಿಕೆ ಮೇಲಕ್ಕೆ ಏರುತ್ತದೆ. ಹಾಗಾಗಿ ಎ4 ಹಾಳೆಯಲ್ಲಿ ತಲೆಬರಹ 800ರ ಆಸುಪಾಸಿನಲ್ಲಿದ್ದರೆ, ಬುಡದಿಂದ ಒಂದಂಗುಲ ಮೇಲಿರುವ ವಿ.ಸೂ. 72ರಲ್ಲಿರುತ್ತದೆ. ಯಾವ ಸಾಲನ್ನು ಮೊದಲು ಬರೆದರೂ ಯಂತ್ರಕ್ಕೆ ಅಡ್ಡಿಯಿಲ್ಲ. ‘ಶೋಪೇಜ್’ ಎಂಬ ಕೊನೆಯ ಮಾತು ಬರುವವರೆಗೆ ಹಾಳೆ ಹೊರಗೆ ಬರುವುದಿಲ್ಲ. 1993ರಲ್ಲಿ ಬಂದ ಪಿಡಿಎಫ್ ಇದರದೇ ಸಂತಾನ. ಇಂದು ಮಾಗಡಿಯಲ್ಲಿ ಡಿಸೈನ್ ಆದ ಪತ್ರಿಕೆ ಪ್ಲೇಟಿಗೆ ಹೋಗುವುದೂ ವಾಟ್ಸಾಪಿನಲ್ಲಿ ಮನೆಮನೆಗೆ ತಲುಪುವುದೂ ಬಹುಮಟ್ಟಿಗೆ ಪಿಡಿಎಫ್ ರೂಪದಲ್ಲೇ.

ನನ್ನ ಆತಂಕ ಶುರುವಾಗುವುದು ಇಲ್ಲಿಂದ. ಪುಟ ಬಿಡಿಸುವ ಭಾಷೆಗೆ ಅಕ್ಷರದ ಆಕಾರ ಗೊತ್ತು, ಅದು ಯಾವ ಅಕ್ಷರವೆಂದು ಗೊತ್ತಿರಬೇಕಾದ ಅಗತ್ಯವಿಲ್ಲ. ಹಳೆಯ ಬಗೆಯ ಫಾಂಟಿನಲ್ಲಿ ಇದ್ದದ್ದು 256 ಸ್ಥಾನ. ಒತ್ತು, ಗುಣಿತ ಎಲ್ಲ ಸೇರಿದ ಇಡೀ ಅಕ್ಷರಗಳು ಅಷ್ಟರಲ್ಲಿ ಹಿಡಿಸುವುದಿಲ್ಲವಾದ್ದರಿಂದ ಅವನ್ನು ತುಂಡು ಮಾಡಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದರು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಪದವನ್ನೇ ನೋಡಿ. ‘ಕ’ದ ಒಡಲು ದೊಡ್ಡ ‘ಪಿ’ಯ ಮನೆಯಲ್ಲಿದೆ, ಅದರ ತಲೆಕಟ್ಟು ಬೇರೊಂದು ಮನೆಯಲ್ಲಿ. ‘ನ’ದ ಒಡಲು ಪೌಂಡ್ ಹಣದ ಚಿಹ್ನೆಯ ಜಾಗದಲ್ಲಿ, ‘ಡ’ದ್ದು ಸಣ್ಣ ‘ಕ್ಯೂ’ ಜಾಗದಲ್ಲಿ. ಕಣ್ಣಿಗೆ ಅದು ಅಚ್ಚುಕಟ್ಟಾದ ಕನ್ನಡ. ಕಂಪ್ಯೂಟರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಕಾಪಿ ಮಾಡಿ ಬೇರೆಡೆ ಹಾಕಿದರೆ ಆ ಸಾಲೇ ಬೀಳುತ್ತದೆ. ‘ಬೀಗರ ಔತಣ’ ಎಂದು ಯೂನಿಕೋಡಿನಲ್ಲಿ ಟೈಪ್ ಮಾಡಿ ಹುಡುಕಿದರೆ ಒಂದೂ ಸಿಗುವುದಿಲ್ಲ.

ಆ ಕಾಲಕ್ಕೆ ಅದು ಜಾಣ ಉಪಾಯವೇ, ಅದರಿಂದಲೇ ಕನ್ನಡ ಕಂಪ್ಯೂಟರಿನಲ್ಲಿ ಉಳಿಯಿತು. ಆದರೆ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಇಷ್ಟು ವರ್ಷವಾದ ಮೇಲೂ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಹರಿಸೇವೆಯ ಆಹ್ವಾನ, ಸಂಘದ ವರದಿಗಳನ್ನು ಹಳೆಯ ಫಾಂಟಿನಲ್ಲೇ ಮಾಡುತ್ತಿರುವುದು ತಪ್ಪು. ಇವು ರಾಮನಗರ ಸೀಮೆಯ ಚರಿತ್ರೆಯ ಕಾಗದಗಳು. 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ: ಜಿಲ್ಲೆಯ ಹೆಸರು ಬದಲಾದದ್ದು ಪತ್ರಿಕೆಗಳ ವಿಳಾಸದಲ್ಲಿ ಓದಲು ಸಿಗುತ್ತದೆ. ಯಾವ ಮನೆಯವರು ಉಡುಗೊರೆ ಬೇಡವೆಂದರು, ಔತಣ ತೋಟದಿಂದ ಸಮುದಾಯ ಭವನಕ್ಕೆ ಯಾವಾಗ ಬಂತು ಎಂಬುದನ್ನು ಗೆಜೆಟಿಯರ್ ಹೇಳುವುದಿಲ್ಲ. ಹೇಳುವುದು ವಿ.ಸೂ.

ಡಿಟಿಪಿ ಅಂಗಡಿಯವರಲ್ಲಿ ಒಂದು ಕೋರಿಕೆ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಹಾರ್ಡ್‌ಡಿಸ್ಕ್ ಕೆಟ್ಟು ಗುಜರಿಗೆ ಹೋಗುವ ಮುಂಚೆ ಹಳೆಯ ಫೈಲುಗಳನ್ನು ಒಮ್ಮೆ ತಿರುಗಿಸಿ ಇಡಿ. ಹೊಸ ಕೆಲಸವನ್ನು ಯೂನಿಕೋಡಿನಲ್ಲೇ ಶುರು ಮಾಡಿ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಹೆದ್ದಾರಿಯ ಪಕ್ಕದಲ್ಲೇ ಇದೆ. ನೇಗಿಲು, ಒನಕೆ, ಬೀಸುಕಲ್ಲಿಗೆ ಜಾಗ ಕೊಟ್ಟ ಆ ಸಂಗ್ರಹಾಲಯದಲ್ಲಿ ಲಗ್ನಪತ್ರಿಕೆಗೂ ಒಂದು ಬೀರು ಸಿಗಲಿ. ಅಟ್ಟದ ಮೇಲೆ, ಟ್ರಂಕಿನಲ್ಲಿ ಹಳೆಯ ಪತ್ರಿಕೆ, ಕಾಗದಗಳಿರುವವರು ಅವನ್ನು ರದ್ದಿಗೆ ಹಾಕಬೇಡಿ. ಫೋಟೊ ತೆಗೆಯುವಾಗ ಸಹಿಯ ಕೆಳಗಿನ ಸಾಲು ಪೂರ್ತಿ ಬರುವಂತೆ ತೆಗೆಯಿರಿ.