ಉಳುವವನ ಹೊಲ, ಬಾಳುವವನ ಸೂರು

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ಹೆಸರಿನಲ್ಲೇ ಕಟ್ಟೆಯಿದೆ. ಲಕ್ಷ್ಮಣತೀರ್ಥಕ್ಕೆ ಇಲ್ಲಿ ಕಟ್ಟಿದ ಅಣೆ ಸುತ್ತಲಿನ ಗದ್ದೆಗಳಿಗೆ ನೀರುಣಿಸಿತು. ಇದೇ ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. 'ಉಳುವವನೇ ಹೊಲದೊಡೆಯ' ಎಂಬ ಮಾತು ಮನೆಮಾತಾಯಿತು. ಅದೇ ಕಾನೂನು ಉಳುವವರ ಮನೆಯ ಬಗೆಗೂ ಮಾತನಾಡಿದ್ದು ಮಾತ್ರ ಹೆಚ್ಚು ಜನರಿಗೆ ತಿಳಿಯಲಿಲ್ಲ.

ಒಡೆಯನ ಜಮೀನಿನ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡ ಕೂಲಿಯವನಿಗೆ ಗೋಡೆ ತನ್ನದು, ನೆಲ ಪರರದು. ಹೆಚ್ಚು ಕೂಲಿ ಕೇಳಿದರೆ ಕೆಲಸದ ಜೊತೆಗೆ ಸೂರೂ ಹೋಗಬಹುದು. ಈ ಭಯವೇ ಬಾಯಿ ಕಟ್ಟಿಸುತ್ತಿತ್ತು. ಕಾಯ್ದೆಯ 38ನೇ ಕಲಂ ಈ ಗಂಟನ್ನು ಬಿಡಿಸಲು ಹೊರಟಿತು. ಬೇರೆಯವರ ಜಮೀನಿನಲ್ಲಿ ವಾಸವಿರುವ ಕೃಷಿ ಕಾರ್ಮಿಕನನ್ನು ಆ ಮನೆ ಮತ್ತು ಅದರ ನಿವೇಶನದ ಒಡೆಯನೆಂದು ದಾಖಲಿಸಲು ಅದು ಅವಕಾಶ ನೀಡಿತು.

ಇಂಥ ಕಾನೂನು ತಾನಾಗಿ ಬಂದುದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಬಗ್ಗೆ ಗೇಣಿದಾರರು ದನಿಯೆತ್ತಿದರು. ರೈತ ಸಂಘ ಕಟ್ಟಿದ್ದ ಎಚ್. ಗಣಪತಿಯಪ್ಪ ಅವರನ್ನು ಮುನ್ನಡೆಸಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದಾಗ ಸುದ್ದಿ ದೇಶದ ತುಂಬ ಹರಡಿತು. ಒಬ್ಬೊಬ್ಬರಾಗಿ ಕೇಳಿದರೆ ಧಣಿಗೆ ಕೇಳಿಸದ ಮಾತು, ಒಟ್ಟಾಗಿ ಕೇಳಿದಾಗ ಸರ್ಕಾರಕ್ಕೂ ಕೇಳಿಸುತ್ತದೆ ಎಂಬುದನ್ನು ಕಾಗೋಡು ತೋರಿಸಿತು.

ಆದರೂ ಮನೆಯ ಹಕ್ಕು ಹೊಲದ ಹಕ್ಕಿನಷ್ಟು ಬೇಗ ಕೈಸೇರಲಿಲ್ಲ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿಗಳಂಥ ಎಷ್ಟೋ ನೆಲೆಗಳು ಕಂದಾಯದ ಲೆಕ್ಕದಲ್ಲಿ ಊರುಗಳೇ ಆಗಿರಲಿಲ್ಲ. ದಾಖಲೆಯಲ್ಲಿ ಇಲ್ಲದ ಊರಿನ ಮನೆಗೆ ಹಕ್ಕುಪತ್ರ ಎಲ್ಲಿಂದ ಬರಬೇಕು? ಇಂಥ ನೆಲೆಗಳ ಖಾಸಗಿ ಜಮೀನಿನಲ್ಲಿ ವಾಸಿಸುವವರಿಗಾಗಿ 38-ಎ ಕಲಂ ಸೇರಿಸಿದ ತಿದ್ದುಪಡಿ 2017ರಲ್ಲಿ ಜಾರಿಗೆ ಬಂತು. ಆಗ ಕಂದಾಯ ಸಚಿವರಾಗಿದ್ದವರು ಅದೇ ಕಾಗೋಡಿನ ತಿಮ್ಮಪ್ಪನವರು. ಮುಂದೆ 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಹೊಸದಾಗಿ ಕಂದಾಯ ಗ್ರಾಮಗಳಾದ ತಾಂಡಾ ಮುಂತಾದ ನೆಲೆಗಳ 50,000ಕ್ಕೂ ಹೆಚ್ಚು ಮಂದಿಗೆ ಹಕ್ಕುಪತ್ರ ವಿತರಣೆಯಾಯಿತು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಕಾಡಂಚಿನ ಹಾಡಿಗಳ ಕಥೆ ಇನ್ನೂ ತೊಡಕಿನದು. ಹಾಡಿಯ ನೆಲ ಖಾಸಗಿಯದಾದರೆ ಭೂಸುಧಾರಣೆಯ ದಾರಿ; ಅರಣ್ಯದ್ದಾದರೆ 2006ರ ಅರಣ್ಯ ಹಕ್ಕು ಕಾಯ್ದೆಯ ದಾರಿ. ಎರಡನೆಯದರಲ್ಲಿ ಗ್ರಾಮಸಭೆ ಸೇರಿ ಅರಣ್ಯ ಹಕ್ಕು ಸಮಿತಿಯನ್ನು ಆರಿಸಬೇಕು. ಅರ್ಜಿಗಳ ಪರಿಶೀಲನೆ ಅಲ್ಲಿಂದಲೇ ಆರಂಭ. ಅಂದರೆ ಹಾಡಿಯವರು ಒಂದೆಡೆ ಕೂರದ ಹೊರತು ಮೊದಲ ಹೆಜ್ಜೆಯೇ ಇಲ್ಲ.

ಹಕ್ಕುಪತ್ರ ಕೈಗೆ ಬಂದ ಮೇಲೆ ಮನೆಗೆ ಹೆಂಚು ಹಾಕಿಸಲು, ಗೋಡೆ ಎತ್ತಿಸಲು ಧೈರ್ಯ ಬರುತ್ತದೆ. ನಾಳೆ ಎಬ್ಬಿಸಿಯಾರು ಎಂಬ ನೆಲದಲ್ಲಿ ಯಾರೂ ಗಟ್ಟಿ ತಳಪಾಯ ಹಾಕುವುದಿಲ್ಲ.